ಭಯಕ್ಕೂ ಒಂದು ರಿಹರ್ಸಲ್: ಬ್ಯಾಂಡಿನ ಮೊದಲ ವೇದಿಕೆಗೆ ಸಿದ್ಧವಾಗುವ ಬಗೆ

ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ ನಡೆದದ್ದು ಒಂದು ಗಣೇಶೋತ್ಸವದ ಪೆಂಡಾಲಿನಲ್ಲಿ. ಐದು ಜನ, ಆರು ಹಾಡು, ನಾಲ್ಕು ತಿಂಗಳ ಅಭ್ಯಾಸ. ಕೊಠಡಿಯಲ್ಲಿ ಐದು ನಿಮಿಷ ಹಿಡಿಯುತ್ತಿದ್ದ ಮೊದಲ ಹಾಡು ಅಲ್ಲಿ ನಾಲ್ಕೂಕಾಲು ನಿಮಿಷಕ್ಕೇ ಮುಗಿದುಹೋಯಿತು. ಗಾಯಕಿಗೆ ಸಾಲುಗಳ ನಡುವೆ ಉಸಿರೆಳೆದುಕೊಳ್ಳಲು ಜಾಗವೇ ಸಿಗಲಿಲ್ಲ. ಎರಡನೆಯ ಹಾಡಿನ ಚರಣಕ್ಕೆ ಬರುವಾಗ, ಬೇಸ್ ಗಿಟಾರ್ ಹಿಡಿದಿದ್ದ ನನಗೆ ಮುಂದಿನ ಸ್ವರ ಯಾವುದೆಂಬುದೇ ಮರೆತು, ಎಂಟು ಮಾತ್ರೆಗಳಷ್ಟು ಹೊತ್ತು ಕೈ ಕಟ್ಟಿದಂತೆ ನಿಂತೆ. ನೂರಾರು ಸಲ ನುಡಿಸಿದ್ದ ಜಾಗವದು.

ಆ ರಾತ್ರಿ ವಾದ್ಯಗಳನ್ನು ಕಟ್ಟಿಡುವಾಗ ನಮಗೆ ಒಂದು ವಿಷಯ ಹೊಳೆಯಿತು. ಹಾಡುಗಳನ್ನು ಚೆನ್ನಾಗಿಯೇ ಅಭ್ಯಾಸ ಮಾಡಿದ್ದೆವು. ಹೆದರಿದ ಸ್ಥಿತಿಯಲ್ಲಿ ನುಡಿಸುವುದನ್ನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಬೆರಳು ತಣ್ಣಗಾಗಿ, ಬಾಯಿ ಒಣಗಿ, ಎದೆ ಬಡಿದುಕೊಳ್ಳುವಾಗ ನುಡಿಸುವುದು ಬೇರೆಯದೇ ವಿದ್ಯೆ. ಅದನ್ನು ವೇದಿಕೆ ಏರುವ ಮೊದಲೇ ಕಲಿಯಬಹುದು. ಆಮೇಲಿನ ವರ್ಷಗಳಲ್ಲಿ ನಾವು ಕಂಡುಕೊಂಡದ್ದನ್ನು, ಕಿರಿಯ ತಂಡಗಳಿಗೆ ಹೇಳಿಕೊಡುತ್ತಾ ಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ದೇಹದಲ್ಲಿ ನಡೆಯುವುದೇನು

ಸಭಾಕಂಪನ ಎಂಬ ಹಳೆಯ ಮಾತು ಎಷ್ಟು ಸರಿಯಾಗಿದೆ ನೋಡಿ. ಸಭೆಯ ಎದುರು ನಿಂತಾಗ ಕಂಪಿಸುವುದು ದೇಹವೇ. ಅಪಾಯ ಎದುರಾದಾಗ ಓಡಲು ಇಲ್ಲವೇ ಹೋರಾಡಲು ಸಿದ್ಧಗೊಳಿಸುವ ಅಡ್ರಿನಲಿನ್, ಜನರ ಮುಂದೆ ನಿಂತಾಗಲೂ ಹರಿಯುತ್ತದೆ. ರಕ್ತವು ಚರ್ಮ ಮತ್ತು ಜಠರವನ್ನು ಬಿಟ್ಟು ದೊಡ್ಡ ಸ್ನಾಯುಗಳತ್ತ ಹೋಗುತ್ತದೆ. ಬೆರಳು ತಣ್ಣಗಾಗುವುದೂ ಹೊಟ್ಟೆ ತೊಳೆಸಿದಂತಾಗುವುದೂ ಇದರಿಂದಲೇ. ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಸರಿಯಾದ ಲಯವೂ ತೀರಾ ನಿಧಾನವೆನಿಸಿ, ಕೈ ತನ್ನಷ್ಟಕ್ಕೆ ಓಡತೊಡಗುತ್ತದೆ.

ಇದು ಹೊಸಬರಿಗೆ ಮಾತ್ರ ಬರುವ ಕಾಯಿಲೆ ಎಂದು ಯಾರೂ ಭಾವಿಸಬೇಕಾಗಿಲ್ಲ. ‘ದಿ ಬ್ಯಾಂಡ್’ ಎಂಬ ಹೆಸರಿನ ಪ್ರಸಿದ್ಧ ತಂಡ ಆ ಹೆಸರಿನಲ್ಲಿ ಮೊದಲ ಬಾರಿಗೆ ವೇದಿಕೆ ಏರಿದ್ದು 1969ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ. ಅದಕ್ಕೂ ಮೊದಲು ಅವರು ಅಮೆರಿಕದ ಖ್ಯಾತ ಗಾಯಕ ಬಾಬ್ ಡಿಲನ್ ಜೊತೆ ದೇಶದೇಶಗಳಲ್ಲಿ ನುಡಿಸಿ ಬಂದಿದ್ದರು. ಆದರೂ ಆ ದಿನ ಗಿಟಾರ್ ವಾದಕ ರಾಬಿ ರಾಬರ್ಟ್‌ಸನ್ ಹಾಸಿಗೆ ಹಿಡಿದಿದ್ದರು. ಅವರನ್ನು ವೇದಿಕೆಗೆ ತರಲು ಸಂಮೋಹನ ವಿದ್ಯೆ ಬಲ್ಲವರೊಬ್ಬರನ್ನು ಕರೆಸಬೇಕಾಯಿತು.

ನನಗೆ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇನ್ನೊಂದಿದೆ. ರಾಬರ್ಟ್ ಝಾಯನ್ಸ್ ಎಂಬ ಮನೋವಿಜ್ಞಾನಿ 1965ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ನೋಡುವವರಿದ್ದಾಗ ಚೆನ್ನಾಗಿ ಮೈಗೂಡಿದ ಕೆಲಸ ಇನ್ನೂ ಚೆನ್ನಾಗುತ್ತದೆ, ಅರೆಬರೆ ಕಲಿತದ್ದು ಇನ್ನೂ ಕೆಡುತ್ತದೆ. 1969ರಲ್ಲಿ ಅವರು ಜೊತೆಗಾರರೊಂದಿಗೆ ಇದನ್ನು ಜಿರಳೆಗಳ ಮೇಲೂ ಪರೀಕ್ಷಿಸಿದರು. ಬೇರೆ ಜಿರಳೆಗಳು ಅಕ್ಕಪಕ್ಕದಲ್ಲಿ ನೋಡುತ್ತಿರುವಾಗ ನೇರ ದಾರಿಯಲ್ಲಿ ಅವು ಬೇಗ ಓಡಿದವು, ತಿರುವಿನ ದಾರಿಯಲ್ಲಿ ತಡವರಿಸಿದವು. ನಿಮ್ಮ ಹಾಡಿನಲ್ಲಿರುವ ಆ ಕಷ್ಟದ ತಿರುವು, ಹತ್ತರಲ್ಲಿ ಏಳು ಸಲ ಸರಿ ಬರುವ ಆ ಗಿಟಾರ್ ಭಾಗ, ಜನರ ಮುಂದೆ ತಡವರಿಸುವುದು ಅಲ್ಲಿಯೇ. ಮುಂದಿನ ಸಿದ್ಧತೆಯೆಲ್ಲ ಇದರ ಮೇಲೆ ನಿಂತಿದೆ.

ಒಂದು ತಿಂಗಳ ಮೊದಲು: ಹಾಡುಗಳನ್ನು ಸೋಸಿ

ಪಟ್ಟಿಯಲ್ಲಿರುವ ಪ್ರತಿ ಹಾಡನ್ನೂ ನಿಲ್ಲಿಸದೆ ಹತ್ತು ಸಲ ನುಡಿಸಿ, ಎಷ್ಟು ಸಲ ಸರಿಯಾಯಿತೆಂದು ಬರೆದಿಡಿ. ಒಂಬತ್ತಕ್ಕಿಂತ ಕಡಿಮೆ ಬಂದ ಹಾಡನ್ನು ಸರಳಗೊಳಿಸಿ, ಇಲ್ಲವೇ ಬಿಟ್ಟುಬಿಡಿ. ಇದು ನೋವಿನ ಕೆಲಸ ಎಂದು ಬಲ್ಲೆ. ಬಹಳ ಸಲ ತಂಡಕ್ಕೆ ಅತ್ಯಂತ ಪ್ರಿಯವಾದ, ಅತ್ಯಂತ ಕಷ್ಟದ ಹಾಡೇ ಹೊರಹೋಗಬೇಕಾಗುತ್ತದೆ. ಅದನ್ನು ಮೂರನೆಯ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳಿ.

ಮೊದಲ ಹಾಡಿನ ಆಯ್ಕೆಯಲ್ಲಿ ಕರ್ನಾಟಕ ಸಂಗೀತದವರಿಂದ ಕಲಿಯುವುದಿದೆ. ಕಛೇರಿಯನ್ನು ಅವರು ಸಾಮಾನ್ಯವಾಗಿ ವರ್ಣದಿಂದ ಆರಂಭಿಸುತ್ತಾರೆ. ಕಲಿಕೆಯ ದಿನಗಳಿಂದಲೂ ಸಾವಿರ ಸಲ ಹಾಡಿ ರಕ್ತಕ್ಕೆ ಇಳಿದಿರುವ ರಚನೆಯದು. ಕಂಠ, ಕೈ, ಪಕ್ಕವಾದ್ಯ ಎಲ್ಲವೂ ಅದರಲ್ಲಿ ಹದಕ್ಕೆ ಬರುತ್ತವೆ. ನಿಮ್ಮ ಬ್ಯಾಂಡಿಗೂ ಒಂದು ವರ್ಣ ಬೇಕು: ಮಧ್ಯಮ ವೇಗದ್ದು, ಗಾಯಕರಿಗೆ ತೀರಾ ಮೇಲಿನ ಸ್ವರವಿಲ್ಲದ್ದು, ಎಲ್ಲರೂ ಒಟ್ಟಿಗೆ ಆರಂಭಿಸುವಂಥದ್ದು. ಗಿಟಾರ್ ಒಂದೇ ಮೆಲ್ಲಗೆ ಶುರುಮಾಡುವ ಹಾಡನ್ನು ಮೊದಲಿಗೆ ಇಡಬೇಡಿ. ನಡುಗುವ ಕೈ ಅಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಚಿಕ್ಕ ಸಭೆಗಳನ್ನು ಹುಡುಕಿಕೊಳ್ಳುವುದೂ ಈ ತಿಂಗಳಿನಲ್ಲಿಯೇ. ಯಕ್ಷಗಾನದಲ್ಲಿ ಹೊಸದಾಗಿ ಮೇಳ ಸೇರಿದ ಹುಡುಗನಿಗೆ ನೇರವಾಗಿ ಅರ್ಜುನನ ವೇಷ ಕೊಡುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯುತ್ತಾ ರಂಗಸ್ಥಳದ ಬೆಳಕಿಗೆ, ಚೆಂಡೆ ಮದ್ದಳೆಯ ಸದ್ದಿಗೆ, ಜನರ ಕಣ್ಣಿಗೆ ಅವನು ಒಗ್ಗಿಕೊಳ್ಳುತ್ತಾನೆ. ನಿಮ್ಮ ಪೂರ್ವರಂಗ ಯಾರದಾದರೂ ಮನೆಯ ತಾರಸಿಯಾಗಬಹುದು, ಹಾಸ್ಟೆಲಿನ ಊಟದ ಹಾಲ್ ಆಗಬಹುದು, ಬೆಂಗಳೂರಿನಲ್ಲಿದ್ದರೆ ಓಪನ್ ಮೈಕ್ ಸಂಜೆಯಾಗಬಹುದು. ಮೊದಲು ಐದು ಜನರೆದುರು, ಆಮೇಲೆ ಹದಿನೈದು, ಆಮೇಲೆ ಮೂವತ್ತು. ನಮ್ಮ ಎರಡನೆಯ ಕಾರ್ಯಕ್ರಮಕ್ಕೆ ಮೊದಲು ಗಾಯಕಿಯ ಸೋದರತ್ತೆಯ ಮನೆಯ ಹಜಾರದಲ್ಲಿ ಹನ್ನೆರಡು ಜನ ಬಂಧುಗಳೆದುರು ನುಡಿಸಿದೆವು. ಅಷ್ಟು ಹತ್ತಿರದಿಂದ ನೋಡುವ ಹನ್ನೆರಡು ಮುಖಗಳ ಮುಂದೆ ನುಡಿಸಿದ ಮೇಲೆ, ದೂರದಲ್ಲಿ ಕುಳಿತ ಮುನ್ನೂರು ಜನ ಅಷ್ಟೇನೂ ಭಾರವೆನಿಸಲಿಲ್ಲ.

ಕೊಠಡಿಯನ್ನೇ ವೇದಿಕೆ ಮಾಡಿ

ಈ ಹಂತಕ್ಕೆ ಹೆಚ್ಚು ದಿನ ಕೊಡಿ. ಕಡೆಯ ಎರಡು ವಾರಗಳ ಅಭ್ಯಾಸವೆಲ್ಲ ಇದಕ್ಕೇ ಮೀಸಲಾಗಿರಲಿ.

ಅಭ್ಯಾಸದ ಕೊಠಡಿಯಲ್ಲಿ ಎಲ್ಲರೂ ವೃತ್ತವಾಗಿ, ಒಬ್ಬರಿಗೊಬ್ಬರು ಮುಖ ಕೊಟ್ಟು ನುಡಿಸುತ್ತಾರೆ. ವೇದಿಕೆಯಲ್ಲಿ ಎಲ್ಲರ ಮುಖವೂ ಜನರತ್ತ. ನಾಲ್ಕು ತಿಂಗಳು ಡ್ರಮ್ಮರ್‌ನ ಕಣ್ಣು ನೋಡಿ ನುಡಿಸಿದವರಿಗೆ ಆ ಕಣ್ಣು ಒಮ್ಮೆಲೇ ಬೆನ್ನ ಹಿಂದೆ ಹೋಗುತ್ತದೆ. ಭಯ ಅರ್ಧದಷ್ಟು ಹುಟ್ಟುವುದು ಈ ಒಂಟಿತನದಿಂದ. ಆದ್ದರಿಂದ ಎರಡು ವಾರ ಮೊದಲೇ ಗೋಡೆಯತ್ತ ಮುಖ ಮಾಡಿ, ವೇದಿಕೆಯಲ್ಲಿ ನಿಲ್ಲುವ ಕ್ರಮದಲ್ಲಿಯೇ ಸಾಲಾಗಿ ನಿಲ್ಲಿ. ಕುಳಿತು ನುಡಿಸುವ ಅಭ್ಯಾಸವಿದ್ದವರು ಎದ್ದು ನಿಲ್ಲಿ. ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಂತಾಗ ಗಿಟಾರಿನ ಎತ್ತರ ಬದಲಾಗಿ ಮಣಿಕಟ್ಟಿನ ಕೋನವೇ ಬೇರೆಯಾಗುತ್ತದೆ. ಅಂದು ತೊಡುವ ಬಟ್ಟೆ, ಮೆಟ್ಟುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ನುಡಿಸಿ. ಪೆಡಲ್ ಒತ್ತುವವರಿಗೆ ಇದು ಬಹಳ ಮುಖ್ಯ.

ವೇದಿಕೆಯ ಮೇಲೆ ಕೇಳಿಸುವ ಸದ್ದು ಕೊಠಡಿಯ ಸದ್ದಿನಂತಿರುವುದಿಲ್ಲ. ಒಮ್ಮೆ ಡ್ರಮ್ ಬಿಟ್ಟು ಬೇರೇನೂ ಕೇಳಿಸದು, ಒಮ್ಮೆ ಹಾಡುವವರ ದನಿ ತಮಗೇ ಕೇಳಿಸದು. ಇದಕ್ಕಾಗಿ ಒಂದು ಸಲ ಕೀಬೋರ್ಡ್ ಮುಚ್ಚಿಟ್ಟು ಇಡೀ ಹಾಡು ನುಡಿಸಿ, ಇನ್ನೊಂದು ಸಲ ಗಾಯಕರ ಮೈಕ್ ಬಂದ್ ಮಾಡಿ. ಮತ್ತೊಂದು ಸಲ ದೀಪ ಆರಿಸಿ. ಯಾವ ವಾದ್ಯ ಕೇಳಿಸದಿದ್ದರೂ ಹಾಡು ಮುಂದೆ ಸಾಗುತ್ತದೆ ಎಂಬುದು ಮೈಗೆ ಗೊತ್ತಾಗಬೇಕು.

ಇನ್ನು ಭಯವನ್ನೇ ಕೊಠಡಿಗೆ ಕರೆತರುವ ಒಂದು ಉಪಾಯ: ಎಲ್ಲರೂ ಮೆಟ್ಟಿಲುಗಳನ್ನು ಎರಡು ನಿಮಿಷ ಓಡಿ ಹತ್ತಿ ಇಳಿಯಿರಿ. ಏದುಸಿರು ಬರುತ್ತಿರುವಾಗಲೇ ವಾದ್ಯ ಹಿಡಿದು ಮೊದಲ ಹಾಡನ್ನು ಆರಂಭಿಸಿ. ಎದೆ ಡವಗುಟ್ಟುವಾಗ ಕೈ ಹೇಗೆ ವರ್ತಿಸುತ್ತದೆ, ಲಯ ಎಲ್ಲಿ ಓಡುತ್ತದೆ ಎಂಬುದು ತಕ್ಷಣ ಕಾಣುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಆ ಬಡಿತ ಅಪರಿಚಿತವಾಗಿ ಉಳಿಯುವುದಿಲ್ಲ. ನಮ್ಮ ತಂಡಕ್ಕೆ ಇದರಷ್ಟು ನೆರವಾದದ್ದು ಬೇರೊಂದಿಲ್ಲ.

ತಪ್ಪಿದಾಗ ಏನು ಮಾಡಬೇಕೆಂಬ ನಿಯಮವನ್ನೂ ಈಗಲೇ ಗೊತ್ತುಮಾಡಿ, ಅದನ್ನೇ ಅಭ್ಯಾಸ ಮಾಡಿ. ನಮ್ಮದು ಒಂದೇ ನಿಯಮ: ದಾರಿ ತಪ್ಪಿದರೆ ಎಲ್ಲರೂ ಪಲ್ಲವಿಗೆ. ಚರಣದ ನಡುವೆ ಯಾರೋ ಕಳೆದುಹೋದರೆ ಡ್ರಮ್ ಮತ್ತು ಬೇಸ್ ನಿಲ್ಲದೆ ಸಾಗುತ್ತವೆ, ಡ್ರಮ್ಮರ್ ಒಂದು ದೊಡ್ಡ ಉರುಳಿಕೆ ಕೊಡುತ್ತಾನೆ, ಎಲ್ಲರೂ ಪಲ್ಲವಿಯಲ್ಲಿ ಬಂದು ಸೇರುತ್ತೇವೆ. ಕೇಳುವವರಿಗೆ ಅದು ಬೇಕೆಂದೇ ಮಾಡಿದಂತೆ ಕೇಳಿಸುತ್ತದೆ. ಕೊಠಡಿಯಲ್ಲಿ ಒಬ್ಬರು ಬೇಕೆಂದೇ ತಪ್ಪು ನುಡಿಸಲಿ, ಉಳಿದವರು ಪಲ್ಲವಿಗೆ ಮರಳಲಿ. ತಪ್ಪಿದೆ ಎಂದು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡುವ ಅಭ್ಯಾಸವನ್ನು ಈ ಎರಡು ವಾರ ಪೂರ್ತಿ ನಿಲ್ಲಿಸಿಬಿಡಿ. ಕೊಠಡಿಯಲ್ಲಿ ನಿಂತ ಕೈ ವೇದಿಕೆಯಲ್ಲೂ ನಿಲ್ಲುತ್ತದೆ.

ಲಯ ಓಡದಂತೆ

ಹೆದರಿಕೆಯಲ್ಲಿ ಮೊದಲು ಕೆಡುವುದು ಲಯವೇ ಆದ್ದರಿಂದ ಇದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು. ಪ್ರತಿ ಹಾಡಿನ ವೇಗವನ್ನು, ಲಯವನ್ನು ಸಮವಾಗಿ ಎಣಿಸಿ ತೋರಿಸುವ ಮೆಟ್ರೊನೋಮ್‌ನಲ್ಲಿ ನೋಡಿ ಪಟ್ಟಿಯಲ್ಲಿ ಬರೆದಿಡಿ. ವೇದಿಕೆಯಲ್ಲಿ ಡ್ರಮ್ಮರ್ ತನ್ನ ಪಕ್ಕದಲ್ಲಿ ಬೆಳಕು ಮಿನುಗಿಸುವ ಮೆಟ್ರೊನೋಮ್ ಅಥವಾ ಮೊಬೈಲ್ ಇಟ್ಟುಕೊಂಡು, ಎಣಿಕೆ ಕೊಡುವ ಮುನ್ನ ಎಂಟು ಮಿನುಗುಗಳನ್ನು ಸುಮ್ಮನೆ ನೋಡಲಿ. ಜೊತೆಗೆ ಪಲ್ಲವಿಯ ಒಂದು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಲಿ. ಸಾಹಿತ್ಯ ಸಲೀಸಾಗಿ ಉಚ್ಚರಿಸಲು ಆಗುವ ವೇಗವೇ ಸರಿಯಾದ ವೇಗ. ಆ ನಾಲ್ಕೈದು ಸೆಕೆಂಡುಗಳ ಮೌನ ವೇದಿಕೆಯ ಮೇಲೆ ಯುಗದಂತೆ ಅನಿಸುತ್ತದೆ. ಎದುರು ಕುಳಿತವರಿಗೆ ಅದು ಗಮನಕ್ಕೂ ಬರುವುದಿಲ್ಲ.

ಮಾತಾಡುವವರು ಯಾರು

ಹಾಡುಗಳ ನಡುವೆ ಮಾತಾಡುವುದು ಒಬ್ಬರೇ ಆಗಿರಲಿ. ಆ ಮಾತನ್ನೂ ಬರೆದು, ಜೋರಾಗಿ ಹೇಳಿ ಅಭ್ಯಾಸ ಮಾಡಲಿ. ‘ನಮಸ್ಕಾರ, ನಾವು ಇಂಥ ತಂಡ, ಇದು ನಮ್ಮ ಮೊದಲ ಕಾರ್ಯಕ್ರಮ’ ಎಂಬಷ್ಟು ಸಾಕು. ಸೌಂಡ್ ಸರಿಯಿಲ್ಲ, ಗಂಟಲು ಕೆಟ್ಟಿದೆ, ಅಭ್ಯಾಸಕ್ಕೆ ಸಮಯ ಸಿಗಲಿಲ್ಲ ಎಂಬ ಯಾವ ಕ್ಷಮಾಪಣೆಯೂ ಬೇಡ. ಕೇಳಲು ಬಂದವರನ್ನು ತಪ್ಪು ಹುಡುಕುವ ಕೆಲಸಕ್ಕೆ ಹಚ್ಚಿದಂತಾಗುತ್ತದೆ.

ಹಿಂದಿನ ದಿನ

ಹೊಸದೇನನ್ನೂ ಸೇರಿಸಬೇಡಿ. ಹಾಡಿನ ಕ್ರಮ, ಶ್ರುತಿ, ಕೊನೆಯ ಮುಕ್ತಾಯ ಯಾವುದನ್ನೂ ಬದಲಿಸಬೇಡಿ. ಒಮ್ಮೆ ಪೂರ್ತಿ ನುಡಿಸಿ ಮನೆಗೆ ಹೋಗಿ. ಸಂಜೆ ಚೀಲ ತುಂಬಿ: ಹೆಚ್ಚುವರಿ ತಂತಿಗಳ ಒಂದು ಸೆಟ್, ಎರಡು ಹೆಚ್ಚುವರಿ ಜ್ಯಾಕ್ ಕೇಬಲ್, ಪೆಡಲ್‌ಗೆ ಹೊಸ ಬ್ಯಾಟರಿ, ತಂತಿ ಮೀಟಲು ನಾಲ್ಕಾರು ಪಿಕ್, ಹೆಚ್ಚುವರಿ ಡ್ರಮ್ ಕಡ್ಡಿ, ಅಂಟುಪಟ್ಟಿ, ಟಾರ್ಚ್, ಕೈ ಒರೆಸಲು ಬಟ್ಟೆ, ಉದ್ದದ ಎಕ್ಸ್‌ಟೆನ್ಶನ್ ಬೋರ್ಡ್. ಹಾಡುಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ, ಪ್ರತಿಯೊಬ್ಬರಿಗೂ ಒಂದರಂತೆ ಬರೆಯಿರಿ. ಹಾಡಿನ ಹೆಸರು, ಶ್ರುತಿ, ವೇಗ, ಆರಂಭಿಸುವವರು ಯಾರು, ಇಷ್ಟು ಅದರಲ್ಲಿರಲಿ. ಕಂಗಾಲಾದ ಕಣ್ಣಿಗೂ ಓದಲು ಬರುವಷ್ಟು ದಪ್ಪವಾಗಿರಲಿ. ನಿದ್ದೆ ಬರದಿದ್ದರೆ ಗಾಬರಿಪಡಬೇಡಿ, ಕಣ್ಣು ಮುಚ್ಚಿ ಮಲಗಿದ್ದರೂ ದೇಹಕ್ಕೆ ವಿಶ್ರಾಂತಿಯೇ.

ಕಾರ್ಯಕ್ರಮದ ದಿನ: ಕಾಯುವಿಕೆಯನ್ನು ದಾಟುವುದು

ನಮ್ಮ ಊರುಗಳ ವೇದಿಕೆಗಳಲ್ಲಿ ಹೆದರಿಕೆಗಿಂತ ದೊಡ್ಡ ಶತ್ರು ಕಾಯುವಿಕೆ. ಏಳು ಗಂಟೆ ಎಂದಿರುತ್ತಾರೆ. ಪೂಜೆ, ಸ್ವಾಗತ, ಗಣ್ಯರ ಭಾಷಣ, ಸನ್ಮಾನ, ಮಕ್ಕಳ ನೃತ್ಯ ಮುಗಿದು ನಿಮ್ಮ ಹೆಸರು ಕೂಗುವಾಗ ಒಂಬತ್ತೂಕಾಲು. ಏಳರಿಂದಲೇ ಎದೆ ಬಡಿದುಕೊಳ್ಳಲು ಬಿಟ್ಟರೆ, ಒಂಬತ್ತರ ಹೊತ್ತಿಗೆ ಮೈ ಸೋತಿರುತ್ತದೆ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸಲು ಕಾನೂನಿನ ನಿರ್ಬಂಧವಿರುವುದರಿಂದ, ನಿಮಗೆ ಕೊಟ್ಟಿದ್ದ ಒಂದು ಗಂಟೆಯ ಅವಧಿ ನಲವತ್ತು ನಿಮಿಷಕ್ಕೋ ಇಪ್ಪತ್ತಕ್ಕೋ ಇಳಿಯುವುದೂ ಸಾಮಾನ್ಯ. ಆ ಸುದ್ದಿ ಕೊನೆಯ ಗಳಿಗೆಯಲ್ಲಿ ಬಂದು ತಂಡವನ್ನು ಕಲಕದಂತೆ ಆರು ಹಾಡಿನ ಪಟ್ಟಿ, ನಾಲ್ಕು ಹಾಡಿನ ಪಟ್ಟಿ, ಎರಡು ಹಾಡಿನ ಪಟ್ಟಿ, ಮೂರನ್ನೂ ಮನೆಯಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ. ನಿಮ್ಮ ವರ್ಣ ಮಾತ್ರ ಮೂರರಲ್ಲೂ ಮೊದಲಿಗೇ ಇರಲಿ.

ಸೌಂಡ್ ಚೆಕ್‌ಗೆ ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲು ತಲುಪಿ. ಮೈಕ್‌ಸೆಟ್‌ನವರನ್ನು ಮಾತಾಡಿಸಿ, ಹೆಸರು ಕೇಳಿಕೊಳ್ಳಿ. ‘ಅಣ್ಣಾ, ನಮಗಿದು ಮೊದಲನೆಯ ಪ್ರೋಗ್ರಾಂ, ಹಾಡುವವರಿಗೆ ಮಾನಿಟರ್‌ನಲ್ಲಿ ದನಿ ಸ್ವಲ್ಪ ಜಾಸ್ತಿ ಕೊಡಿ’ ಎಂದು ನೇರವಾಗಿ ಹೇಳಿದರೆ ಸಾಕು. ಮಾನಿಟರ್ ಎಂದರೆ ವೇದಿಕೆಯ ಮೇಲಿರುವವರಿಗೇ ಕೇಳಿಸಲೆಂದು ಇಡುವ ಸ್ಪೀಕರ್. ನೂರಾರು ವೇದಿಕೆ ಕಂಡ ಅವರ ಕೈ ನಿಮ್ಮ ಬೆನ್ನಿಗಿದ್ದರೆ ಅರ್ಧ ಭಾರ ಇಳಿಯುತ್ತದೆ. ಒಂದು ಎಚ್ಚರಿಕೆ: ಗಿಟಾರಿನ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದಾಗ ಚುರುಕ್ಕೆಂದರೆ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಜನರೇಟರ್ ಮೇಲೆ ನಡೆಯುವ ಬಯಲು ವೇದಿಕೆಗಳಲ್ಲಿ ಇದು ಅಪರೂಪವಲ್ಲ. ಅದು ಸರಿಯಾಗುವ ತನಕ, ಸಂಕೋಚಪಡದೆ, ನುಡಿಸುವುದಿಲ್ಲ ಎಂದು ಹೇಳಿ.

ಊಟ ಕಾರ್ಯಕ್ರಮಕ್ಕೆ ಎರಡು ಗಂಟೆ ಮೊದಲು, ಹಗುರವಾಗಿರಲಿ. ಎರಡು ಇಡ್ಲಿಯೋ ಸ್ವಲ್ಪ ಚಿತ್ರಾನ್ನವೋ ಬಾಳೆಹಣ್ಣೋ ಸಾಕು. ಬರಿಹೊಟ್ಟೆಯಲ್ಲಿ ನಡುಕ ಹೆಚ್ಚುತ್ತದೆ. ಕಾಯುವ ಬೇಸರಕ್ಕೆ ಕಾಫಿಯ ಮೇಲೆ ಕಾಫಿ ಕುಡಿದರೂ ಹೆಚ್ಚುತ್ತದೆ. ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಧೈರ್ಯಕ್ಕೆಂದು ಮದ್ಯ ಬೇಡವೇ ಬೇಡ. ಧೈರ್ಯ ಬಂದಂತೆ ಅನಿಸುವ ಹೊತ್ತಿಗೆ ಲಯ ಹೋಗಿರುತ್ತದೆ. ನಡುಕ ತಡೆಯುವ ಪ್ರೊಪ್ರನೊಲಾಲ್‌ನಂಥ ಮಾತ್ರೆಗಳ ಬಗ್ಗೆ ಯಾರಾದರೂ ಹೇಳಿಯಾರು. ವೈದ್ಯರನ್ನು ಕೇಳದೆ, ಬೇರೆಯವರ ಮಾತ್ರೆಯನ್ನು ನುಂಗಬೇಡಿ. ಆಸ್ತಮಾ ಇರುವವರಿಗಂತೂ ಅದು ಅಪಾಯಕಾರಿ.

ಸೌಂಡ್ ಚೆಕ್ ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲೇ ಕುಳಿತು ಇತರರ ಕಾರ್ಯಕ್ರಮವನ್ನು ತೂಗುತ್ತಾ ಇರಬೇಡಿ. ದೂರ ನಡೆದು ಬನ್ನಿ. ಯಾರಿಗೆ ಮಾತು ಬೇಕು, ಯಾರಿಗೆ ಮೌನ ಬೇಕು ಎಂಬುದನ್ನು ಮೊದಲೇ ಪರಸ್ಪರ ಹೇಳಿಕೊಂಡಿರಿ. ನಮ್ಮ ಕೀಬೋರ್ಡ್ ವಾದಕ ಹೆದರಿದಾಗ ಎಡೆಬಿಡದೆ ಮಾತಾಡುತ್ತಾನೆ, ಗಾಯಕಿಗೆ ಆಗ ಒಂದು ಶಬ್ದವೂ ಬೇಡ. ಇದು ತಿಳಿಯದೆ ಮೊದಲ ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಿದರು.

ಕೊನೆಯ ಇಪ್ಪತ್ತು ನಿಮಿಷ

ಬೆಚ್ಚಗಿನ ನೀರು ಸಿಕ್ಕರೆ ಕೈ ಅದ್ದಿ, ಸಿಗದಿದ್ದರೆ ಅಂಗೈ ಉಜ್ಜಿ ಕಂಕುಳಲ್ಲಿ ಇಟ್ಟುಕೊಳ್ಳಿ. ತಣ್ಣನೆಯ ಬೆರಳು ವೇಗವಾಗಿ ಓಡದು. ಗಾಯಕರು ತುಟಿ ಮುಚ್ಚಿ ಮೆಲ್ಲಗೆ ಗುನುಗಲಿ, ಕಿರುಚಿ ಪರೀಕ್ಷಿಸುವುದು ಬೇಡ.

ಆಮೇಲೆ ಉಸಿರು. ನಾಲ್ಕು ಎಣಿಸುವವರೆಗೆ ಮೂಗಿನಿಂದ ಒಳಗೆ, ಆರು ಎಣಿಸುವವರೆಗೆ ಹೊರಗೆ, ಹೀಗೆ ಐದು ನಿಮಿಷ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ತಗ್ಗುವುದು ದೇಹದ ಸಹಜ ಗುಣ, ಆದ್ದರಿಂದಲೇ ಹೊರಬಿಡುವ ಉಸಿರು ಉದ್ದವಿರಬೇಕು. ಐವರೂ ಒಟ್ಟಿಗೆ ಮಾಡಿದರೆ ಇನ್ನೊಂದು ಲಾಭವಿದೆ: ಹಾಡು ಶುರುವಾಗುವ ಮೊದಲೇ ತಂಡ ಒಂದೇ ಲಯಕ್ಕೆ ಬಂದಿರುತ್ತದೆ.

ಇಷ್ಟಾದರೂ ಎದೆ ಪೂರ್ತಿ ಶಾಂತವಾಗುವುದಿಲ್ಲ. ಶಾಂತವಾಗು ಎಂದು ಅದಕ್ಕೆ ಆಜ್ಞೆ ಮಾಡುತ್ತಾ ಕೂರಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರೆದುರು ಕರೋಕೆ ಹಾಡಬೇಕಿದ್ದವರ ಪೈಕಿ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರು ‘ನನಗೆ ಆತಂಕವಾಗುತ್ತಿದೆ’ ಎಂದವರಿಗಿಂತ ಚೆನ್ನಾಗಿ ಹಾಡಿದರು. ಉತ್ಸಾಹಕ್ಕೂ ಆತಂಕಕ್ಕೂ ಎದೆಬಡಿತ ಒಂದೇ, ಕೊಟ್ಟ ಹೆಸರು ಬೇರೆ. ಜಾತ್ರೆಯ ತೇರು ಎಳೆಯುವ ಮುನ್ನ ಮೈ ಜುಮ್ಮೆನ್ನುವುದನ್ನು ನೆನಪಿಸಿಕೊಳ್ಳಿ, ಅದನ್ನು ಯಾರೂ ಭಯ ಎನ್ನುವುದಿಲ್ಲ.

ವೇದಿಕೆಯ ಮೇಲೆ

ನಿಧಾನವಾಗಿ ನಡೆದು ಹೋಗಿ. ಕೇಬಲ್ ಹಾಕಿ, ಟ್ಯೂನರ್ ನೋಡಿ, ಒಂದು ಪಿಕ್ ಅನ್ನು ಮೈಕ್ ಸ್ಟ್ಯಾಂಡಿಗೆ ಸಿಕ್ಕಿಸಿ. ಬೆವರಿದ ಬೆರಳಿನಿಂದ ಮೊದಲನೆಯದು ಜಾರಿ ಬೀಳುವುದುಂಟು. ಎರಡೂ ಪಾದಗಳನ್ನು ಹಲಗೆಯ ಮೇಲೆ ಗಟ್ಟಿಯಾಗಿ ಊರಿ. ಆಮೇಲೆ ಜನರತ್ತ ನೋಡುವ ಮೊದಲು ಒಬ್ಬರನ್ನೊಬ್ಬರು ನೋಡಿಕೊಳ್ಳಿ. ಐದೂ ಮುಖಗಳನ್ನು ಒಂದು ಸುತ್ತು ನೋಡಿದ ಮೇಲೆಯೇ ಎಣಿಕೆ.

ಭಯ ಅತ್ಯಂತ ಹೆಚ್ಚಿರುವುದು ಮೊದಲ ಒಂದೆರಡು ನಿಮಿಷ. ಆ ಹೊತ್ತಿನಲ್ಲಿ ಸೊಗಸಾಗಿ ನುಡಿಸಲು ಹೋಗಬೇಡಿ, ಸರಿಯಾಗಿ ನುಡಿಸಿ. ಅಲಂಕಾರಗಳೆಲ್ಲ ಎರಡನೆಯ ಹಾಡಿನಿಂದ ಬರಲಿ. ಕಿವಿಯನ್ನು ನಿಮ್ಮ ವಾದ್ಯದಿಂದ ತೆಗೆದು ಪಕ್ಕದವರ ವಾದ್ಯದ ಮೇಲಿಡಿ: ಬೇಸ್ ನುಡಿಸುವವರು ಡ್ರಮ್ ಕೇಳಲಿ, ಗಿಟಾರ್ ನುಡಿಸುವವರು ಹಾಡಿನ ಸಾಹಿತ್ಯ ಕೇಳಲಿ. ಜೊತೆಗಾರನನ್ನು ಕೇಳುತ್ತಿರುವ ಮನಸ್ಸಿಗೆ ತನ್ನ ಬಗ್ಗೆ ಹೆದರಲು ಹೆಚ್ಚು ಬಿಡುವಿರುವುದಿಲ್ಲ. ಒಬ್ಬಂಟಿ ಗಾಯಕರಿಗೆ ಇಲ್ಲದ, ಬ್ಯಾಂಡಿಗೆ ಮಾತ್ರ ಇರುವ ಭಾಗ್ಯ ಇದು.

ತಪ್ಪಾದಾಗ ತಪ್ಪಿದವರತ್ತ ತಿರುಗಿ ನೋಡಬೇಡಿ. ನಮ್ಮ ಮೊದಲ ದಿನ ನನ್ನ ಕೈ ನಿಂತಾಗ ನಾಲ್ಕು ತಲೆಗಳು ನನ್ನತ್ತ ತಿರುಗಿದವು, ಅದರೊಂದಿಗೆ ಜನರೂ ತಿರುಗಿದರು. ವಿದ್ಯುತ್ ಹೋದರೆ ಡ್ರಮ್ಮರ್ ನಿಲ್ಲಿಸದಿರಲಿ, ಗಾಯಕರು ಮೈಕಿಲ್ಲದೆಯೇ ಪಲ್ಲವಿ ಎತ್ತಿಕೊಂಡು ಚಪ್ಪಾಳೆ ತಟ್ಟಿಸಲಿ. ಜನ ಹಳೆಯ ಸಿನಿಮಾ ಹಾಡು ಬೇಕೆಂದು ಕೂಗಿದರೆ ಅದು ಅವಮಾನವಲ್ಲ. ಬರುವುದಾದರೆ ಎರಡು ಸಾಲು ಹಾಡಿ, ಬಾರದಿದ್ದರೆ ಕೈಮುಗಿದು ಮುಂದಿನ ಹಾಡಿಗೆ ಹೋಗಿ.

ಮುಗಿದ ಮೇಲೆ

ಆ ರಾತ್ರಿ ವಿಮರ್ಶೆ ಬೇಡ. ಅಡ್ರಿನಲಿನ್ ಇಳಿಯುವಾಗ ಮನಸ್ಸು ಕುಸಿಯುತ್ತದೆ, ಚಿಕ್ಕ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಒಟ್ಟಿಗೆ ಕುಳಿತು ಊಟ ಮಾಡಿ, ಕೇಬಲ್‌ಗಳನ್ನು ಸುತ್ತಿ, ಮೈಕ್‌ಸೆಟ್‌ನವರಿಗೆ ಧನ್ಯವಾದ ಹೇಳಿ ಹೊರಡಿ. ಎರಡು ದಿನ ಬಿಟ್ಟು, ಮೊಬೈಲಿನಲ್ಲಿ ಮಾಡಿಸಿಕೊಂಡ ರೆಕಾರ್ಡಿಂಗನ್ನು ಎಲ್ಲರೂ ಸೇರಿ ಕೇಳಿ. ಪ್ರತಿಯೊಬ್ಬರೂ ಚೆನ್ನಾಗಿ ಬಂದ ಎರಡು ಜಾಗ, ಸರಿಪಡಿಸಬೇಕಾದ ಒಂದು ಜಾಗ ಬರೆಯಲಿ. ಮುಂದಿನ ವೇದಿಕೆಯ ದಿನಾಂಕವನ್ನು ಆದಷ್ಟು ಬೇಗ, ಸಾಧ್ಯವಾದರೆ ಆರು ವಾರದೊಳಗೆ, ಗೊತ್ತುಮಾಡಿಕೊಳ್ಳಿ. ಅಂತರ ಹೆಚ್ಚಾದಷ್ಟೂ ಭಯ ಮತ್ತೆ ಹೊಸದಾಗುತ್ತದೆ. ಆ ಐದು ಚೀಟಿಗಳನ್ನು ಕಡ್ಡಿ, ಕೇಬಲ್‌ಗಳಿರುವ ಚೀಲದಲ್ಲೇ ಇಡಿ. ಮುಂದಿನ ಅಭ್ಯಾಸದ ದಿನ ವಾದ್ಯಕ್ಕಿಂತ ಮೊದಲು ಕೈಗೆ ಸಿಗಬೇಕಾದದ್ದು ಅವು.